ಹುಲ್ಲಿನಿಂದ ಚೆಂಡು ತೆಗೆದ ಓರಗಿತ್ತಿ

ನನ್ನ ಓರಗಿತ್ತಿಯನ್ನು ಕಂಡರೆ ನನಗೆ ಹೊಟ್ಟೆಯುರಿ. ಸುಳ್ಳು ಯಾಕೆ ಹೇಳಲಿ. ಹನೂರು ಕಡೆಯಿಂದ ನನ್ನ ಮೈದುನನ ಹೆಂಡತಿಯಾಗಿ ಬಂದ ದಿನದಿಂದಲೂ ಅವಳು ಮಾಡಿದ ಸಾರೇ ರುಚಿ, ಅವಳು ಒಟ್ಟಿದ ಮೆದೆಯೇ ನೇರ. ಈಗ ಇಬ್ಬರೂ ಮುದುಕಿಯರು. ಯಳಂದೂರಿನಿಂದ ಬೆಟ್ಟದ ಕಡೆ ಹೋಗುವ ದಾರಿಯಲ್ಲಿ ಒಂದು ಗಾಲ್ಫ್ ಮೈದಾನವಿದೆ, ಅಲ್ಲಿ ಕಳೆ ಕೀಳುತ್ತೇವೆ. ಮೈದಾನದ ನಡುವಿನ ಹುಲ್ಲನ್ನು ಚಾಪೆಯ ಹಾಗೆ ಕತ್ತರಿಸಿರುತ್ತಾರೆ. ಅಂಚಿನಲ್ಲಿ ಮಾತ್ರ ಗೇಣುದ್ದ ಬೆಳೆಯಲು ಬಿಡುತ್ತಾರೆ. ಚೆಂಡು ಅಲ್ಲಿಗೆ ಬಿದ್ದರೆ ಆಡುವವರ ಪಾಡು ಕೇಳಬೇಡಿ.

ಹೋದ ಆಯುಧಪೂಜೆಯಂದು ಹುಲ್ಲು ಕತ್ತರಿಸುವ ಮೆಷಿನ್ನಿಗೂ ಆಡುವ ಕೋಲುಗಳಿಗೂ ವಿಭೂತಿ, ಕುಂಕುಮ ಇಟ್ಟು ಬೂದುಗುಂಬಳ ಒಡೆದರು. ಆ ಒಂದು ದಿನ ನಾವೂ ಕೋಲು ಮುಟ್ಟಬಹುದು. ಆಟಗಾರರ ಚೀಲದ ಗಾಡಿ ತಳ್ಳಲು ಒಬ್ಬರು ಬೇಕಾಗಿದ್ದರು. ನಿಂತು ಮಾಡುವ ಕೆಲಸ. ಕುಕ್ಕರಗಾಲಲ್ಲಿ ಕೂತೂ ಕೂತೂ ನನ್ನ ಮಂಡಿ ಹೋಗಿದೆ, ಆ ಕೆಲಸ ನನಗೇ ಬೇಕಿತ್ತು. ಅವಳಿಗೂ ಬೇಕಿತ್ತು.

ನಮ್ಮ ಕೈಲಿ ಕಳೆ ಕೀಳಿಸುವ ಮೇಸ್ತ್ರಿ ಅಂಚಿನ ಉದ್ದ ಹುಲ್ಲಿನೊಳಗೆ ಎರಡು ಚೆಂಡು ಇಟ್ಟ. "ಕಮ್ಮಿ ಏಟ್ನಲ್ಲಿ ಗುಂಡಿಗೆ ಯಾರ್ ಹಾಕ್ತೀರೋ ಅವ್ರು ನಾಳಿಂದ ಗಾಡಿ ತಳ್ಳಿ. ಜಗಳ ಆಡ್ಬ್ಯಾಡಿ ಕಣ್ರವ್ವಾ" ಅಂದ.

ಮೊದಲು ಅವಳು. ಚೆಂಡಿನ ಸುತ್ತ ಒಂದು ಸುತ್ತು ಬಂದಳು, ಗುಂಡಿಯ ಕಡೆ ಬೆನ್ನು ತಿರುಗಿಸಿ ಓರೆಯಾಗಿ ನಿಂತಳು.

"ಏನ್ಲೇ, ಗುಂಡಿ ಅತ್ಲಾಗದೆ, ನೀ ಇತ್ಲಾಗ್ ಒಡೀತಿಯಾ? ಕಣ್ ಓಯ್ತಾ?" ಎಂದು ನಕ್ಕೆ.

"ಉಲ್ಲು ಇತ್ಲಾಗೇ ಮಲಗದೆ ಕಣಕ್ಕಾ. ಎದುರ್ಗೆ ಒಡುದ್ರೆ ಕೋಲು ಸಿಕ್ಕಾಕತದೆ."

ಮೈ ಉರಿದುಹೋಯಿತು. ಹುಲ್ಲು ಯಾವ ಕಡೆ ಮಲಗಿದೆ ನೋಡಿ ಕುಡುಗೋಲು ಹಾಕು ಅಂತ ಅವಳಿಗೆ ಕಲಿಸಿದವಳೇ ನಾನು. ಅವಳು ಮೆಲ್ಲಗೆ ತಟ್ಟಿದಳು. ಚೆಂಡು ಎರಡು ಮಾರು ಉರುಳಿ ಚಾಪೆ ಹುಲ್ಲಿಗೆ ಬಂತು. ಅಲ್ಲಿಂದ ಮೂರು ಏಟು. ಒಟ್ಟು ನಾಲ್ಕಕ್ಕೆ ಗುಂಡಿಯೊಳಗೆ.

ನಾನು ಅಡ್ಡದಾರಿ ಹಿಡಿಯುವವಳಲ್ಲ. ಗುಂಡಿಯ ಕಡೆಗೇ ನಿಂತೆ. ಹುಲ್ಲು ಎದುರಿಗೆ ಬಾಗಿತ್ತು. ಕೂತು ಎಡಗೈಯಲ್ಲಿ ಹಿಡಿದು ಬೇರುಸಮೇತ ಕಿತ್ತೆಸೆದೆ. ಬೇಕೂಂತ ಮಾಡಿದ್ದಲ್ಲ, ಮೂವತ್ತು ವರ್ಷದಿಂದ ಹುಲ್ಲು ಕಂಡರೆ ಕೈ ಅದನ್ನೇ ಮಾಡುತ್ತದೆ. ಆಮೇಲೆ ಬೀಸಿದೆ. ಚೆಂಡು ಹಾರಿ ಗುಂಡಿಯ ಪಕ್ಕಕ್ಕೇ ಹೋಯಿತು. ಇನ್ನೆರಡು ತಟ್ಟಿ, ಒಟ್ಟು ಮೂರು ಏಟಿಗೆ ಒಳಗೆ ಹಾಕಿ ಸೆರಗು ಕೊಡವಿದೆ.

"ಅಜ್ಜಿ, ಐದು" ಅಂದ ಮೇಸ್ತ್ರಿ.

"ಮೂರು ಕಣ್ಲಾ! ಎಣ್ಸಾಕ್ ಬರಾಕಿಲ್ವಾ ನಿಂಗೆ?"

"ಬೆಳ್ದಿರೋ ಉಲ್ಲು ಕೀಳಂಗಿಲ್ಲ. ಕಿತ್ರೆ ಎರಡು ಏಟು ದಂಡ."

"ದಿನಾ ನೀನೇ ಕೀಳ್ಸ್ತಿಯಲ್ಲಲಾ!"

ಎಲ್ಲರೂ ನಕ್ಕರು. ಅವಳು ನಗಲಿಲ್ಲ, ಅದು ಇನ್ನೂ ಉರಿಸಿತು.

ಮರುದಿನದಿಂದ ಅವಳು ಟೋಪಿ ಹಾಕಿಕೊಂಡು ಗಾಡಿ ತಳ್ಳಿದಳು. ನಾನು ಅದೇ ಅಂಚಿನಲ್ಲಿ ಕೂತಿದ್ದೆ. ಕೊಳ್ಳೇಗಾಲದಿಂದ ಬಂದ ಆಟಗಾರನೊಬ್ಬನ ಚೆಂಡು ಬಂದು ನನ್ನ ಕಾಲ ಹತ್ತಿರ ಹುಲ್ಲಿನಲ್ಲಿ ಮುಳುಗಿತು. ಅವಳು ಹುಡುಕಿಕೊಂಡು ಬಂದಳು.

"ಅಕ್ಕಾ, ಚೆಂಡು ಕಂಡ್ಯಾ?"

"ಕಾಣೆ ಕಣೇ" ಅಂದೆ.

ಗಾಡಿ ಬಿಟ್ಟು ಬಗ್ಗಿ ಹುಲ್ಲು ಕೆದಕತೊಡಗಿದಳು. ಅವಳೂ ಬಗ್ಗಲಿ ಅಂತ ಕಳೆ ಕೀಳುತ್ತಾ ಕೂತೆ.