ಎಲೆ ಹೊಲಿದವರು ಒಳಗೆ ಕೂತ ಸಂಜೆ

ಆ ಕಾಲದ ಹೆಂಗಸರು ಹೋಟೆಲಿನ ಮೆಟ್ಟಿಲು ಹತ್ತುತ್ತಿರಲಿಲ್ಲ ಎಂದು ಮೊನ್ನೆ ಒಬ್ಬರು ನನ್ನೆದುರಿಗೇ ಹೇಳಿದರು, ಕಂಡವರ ಹಾಗೆ. ನಾನು ಹತ್ತಿದ್ದೇನೆ. ಅತ್ತೆಯ ಜೊತೆಗೆ, ದೀಪ ಹಚ್ಚುವ ಮೊದಲು, ಬೆಂಚಿನ ತುಂಬ ಗಂಡಸರು ಕೂತಿದ್ದಾಗಲೇ ಹತ್ತಿದ್ದೇನೆ. ಇದನ್ನು ಬರೆದಿಡದೆ ಸತ್ತರೆ ಅವರ ಮಾತೇ ನಿಜವಾಗಿ ಉಳಿದುಬಿಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಹೊಸಪೇಟೆ ಆಗ ಮದ್ರಾಸಿನವರ ಆಳ್ವಿಕೆಯಲ್ಲಿತ್ತು. ನಾನು ಕಂಪ್ಲಿಯಿಂದ ಸೊಸೆಯಾಗಿ ಬಂದ ಮನೆ ರೈಲ್ವೆ ಗೇಟಿನ ಆಚೆ, ಊರು ಮುಗಿದು ಕಬ್ಬಿನ ಗದ್ದೆ ಶುರುವಾಗುವಲ್ಲಿ ಹೊಸದಾಗಿ ಎದ್ದ ಕೇರಿಯಲ್ಲಿತ್ತು. ಗಂಡ ಗೂಡ್ಸ್ ಶೆಡ್ಡಿನಲ್ಲಿ ತೂಕದ ಕೆಲಸದವರು. ಸಂಜೆಯಾದರೆ ಕೇರಿಯ ಗಂಡಸರಿಗೆ ನೂರೆಂಟು ದಾರಿ. ಪೇಟೆ, ಇಸ್ಪೀಟು, ಕಾಲುವೆಯ ಈಜು, ಡೇರೆ ಬಿದ್ದರೆ ನಾಟಕ. ನಮಗೆ ವಾರಕ್ಕೊಂದು ಸಂತೆ, ಬಟ್ಟೆ ಒಗೆಯಲು ಅದೇ ಕಾಲುವೆ. ಸೀರೆ ನಮ್ಮ ಮೈಮೇಲಿನದಾದರೂ ಅಂಗಡಿಗೆ ಹೋಗಿ ಆರಿಸುವವರು ಅವರು. ನನ್ನ ಗಂಡ ಮೂರು ದೀಪಾವಳಿ ಸಾಲಾಗಿ ಒಂದೇ ಬಗೆಯ ಕಂದು ಸೀರೆ ತಂದರು, ಕೊಳೆ ಕಾಣುವುದಿಲ್ಲವೆಂದು. ಮೂರನೆಯದನ್ನು ಉಟ್ಟು, ಅವರು ನೋಡುತ್ತಿದ್ದ ಹಾಗೆಯೇ ಒಲೆಯ ಮಸಿ ಸೆರಗಿಗೆ ಒರೆಸಿಕೊಂಡೆ. ನಾಲ್ಕನೆಯ ವರ್ಷ ಹಸಿರು ಬಂತು.

ಗೇಟಿನ ಈಚೆ, ಸ್ಟೇಷನ್ ರಸ್ತೆಯಲ್ಲಿ, ಘಟ್ಟದ ಕೆಳಗಿನವರೊಬ್ಬರು ಹೋಟೆಲು ಇಟ್ಟಿದ್ದರು. ಒಳಗಿನ ಖೋಲಿ ಅವರ ಜಾತಿಯವರಿಗೆ, ಬಾಗಿಲು ದಾಟಿದೊಡನೆ ಸಿಗುವ ಪಡಸಾಲೆಯ ಬೆಂಚು ನಮ್ಮಂಥ ಮನೆಗಳ ಗಂಡಸರಿಗೆ. ಮುಟ್ಟಬಾರದೆಂದು ಊರ ಹೊರಗಿಟ್ಟ ಕೇರಿಯವರಿಗೆ ಬೆಂಚೂ ಇಲ್ಲ, ರಸ್ತೆಯಲ್ಲಿ ನಿಂತೇ ಕುಡಿಯಬೇಕು. ಅವರ ಪರವಾಗಿ ಆಗ ನಾನೂ ಬಾಯಿ ತೆರೆಯಲಿಲ್ಲ, ಅದನ್ನೇನು ಮುಚ್ಚಿಡುವುದು. ಹೆಂಗಸರಿಗೆ ಅಂತ ಇದ್ದದ್ದು ಹಿಂದಿನ ಕಿಟಕಿ. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಅಲ್ಲಿ ನಿಂತು ಇಡ್ಲಿ ಕಟ್ಟಿಸಿಕೊಂಡು ಬರಬಹುದಿತ್ತು.

ಆದರೆ ಆ ಹೋಟೆಲು ನಡೆಯುತ್ತಿದ್ದದ್ದು ನಮ್ಮ ಬೆರಳುಗಳ ಮೇಲೆ. ಸಂಡೂರಿನ ಗುಡ್ಡದಿಂದ ಮುತ್ತಲ ಎಲೆಯ ಹೊರೆ ಬರುತ್ತಿತ್ತು. ಕೇರಿಯ ಎಂಟು ಮನೆಯ ಹೆಂಗಸರು ಎಲೆಗೆ ಎಲೆ ಕೂಡಿಸಿ, ಸಣ್ಣ ಕಡ್ಡಿ ಚುಚ್ಚಿ, ಊಟದೆಲೆ ಹೊಲಿದು ಕೊಡುತ್ತಿದ್ದೆವು. ಒಬ್ಬರು ಉಂಡ ತಟ್ಟೆಯನ್ನು ತೊಳೆದು ಇನ್ನೊಬ್ಬರಿಗೆ ಇಡುವುದನ್ನು ಆಗ ಯಾವ ಜಾತಿಯವರೂ ಸೈರಿಸುತ್ತಿರಲಿಲ್ಲ. ತಿಂದು ಮಡಚಿ ಬಿಸಾಡುವ ಎಲೆಯೇ ಆಗಬೇಕು.

ಒಂದು ಯುಗಾದಿಗೆ ಹೋಟೆಲಿನವರು ಬಳ್ಳಾರಿಯಿಂದ ಗ್ರಾಮಫೋನು, ಜೊತೆಗೆ ನಾಟಕದ ಹಾಡಿನ ತಟ್ಟೆಗಳನ್ನು ತಂದರು. ಅದರ ಹಿತ್ತಾಳೆಯ ಕೊಂಬನ್ನು ಬೀದಿಗೆ ಮುಖ ಮಾಡಿಸಿ ಇಟ್ಟರು, ಗಿರಾಕಿಗಳು ಬರಲೆಂದು. ಗಿರಾಕಿಗಳಿಗಿಂತ ಮೊದಲು ನಾವು ಬಂದೆವು. ಹೋಟೆಲಿನ ಎದುರಿಗೆ, ರಸ್ತೆಯ ಆ ಬದಿಗೆ, ಬೇವಿನ ಮರದ ಕಟ್ಟೆಯಿತ್ತು. ಬಿಸಿಲು ಇಳಿದ ಕೂಡಲೇ ಎಲೆಯ ಹೊರೆ ಹೊತ್ತುಕೊಂಡು ಬಂದು ಅಲ್ಲಿ ಕೂತು ಹೊಲಿಯುತ್ತ ಕೇಳುತ್ತಿದ್ದೆವು. ದೀಪ ಹಚ್ಚುವ ಹೊತ್ತಿಗೆ ಎದ್ದು ಮನೆಗೆ.

ನನಗೆ ಬೇಕಿದ್ದದ್ದು ಹಾಡು. ಬೇರೇನೂ ಅಲ್ಲ. ನಮ್ಮಪ್ಪ ನಾಟಕದ ಹುಚ್ಚಿನವನು, ಎರಡು ಸಲ ಕೇಳಿದರೆ ಯಾವ ಹಾಡೂ ನನ್ನ ಬಾಯಿಗೆ ಬರುತ್ತಿತ್ತು. ಆದರೆ ನಾನು ಸೊಸೆಯಾಗಿ ಬಂದ ವಾರದಲ್ಲೇ ಅತ್ತೆ ಕಡ್ಡಿ ಮುರಿದಂತೆ ಹೇಳಿದ್ದರು. ಬೀಸುವಾಗ ಬೀಸುವ ಪದ ಹಾಡು, ಕುಟ್ಟುವಾಗ ಕುಟ್ಟುವ ಪದ ಹಾಡು, ನಾಟಕದ ಹಾಡು ಮಾತ್ರ ಈ ಮನೆಯ ಬಾಗಿಲು ದಾಟಿ ಒಳಗೆ ಬರಬಾರದು. ನಾಲ್ಕು ವರ್ಷ ನುಂಗಿಕೊಂಡಿದ್ದೆ. ಕಟ್ಟೆಯ ಮೇಲೆ ಕೂತಾಗ ತುಟಿ ತಾನೇ ಅಲುಗುತ್ತಿತ್ತು, ಅತ್ತೆ ತಿರುಗಿ ನೋಡಿದರೆ ಎಲೆಯ ಕಡ್ಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಸುಮ್ಮನಾಗುತ್ತಿದ್ದೆ. ಅತ್ತೆಯೂ ದಿನಾ ಬರುತ್ತಿದ್ದರು, ಬಿಡಿ. ಹಾಡಿಗಲ್ಲ, ಗಾಳಿಗೆ ಎನ್ನುತ್ತಿದ್ದರು. ಕಾಡಿಗೆ ಹೋಗಿ ಮನೆ ಮರೆತ ಗಂಡನನ್ನು ಹೆಂಡತಿ ಬೈಯುವ ಹಾಡೊಂದಿತ್ತು. ಅದು ಬಂದಾಗ ಆ ಗಾಳಿಗೆ ಬಂದವರ ಕೈ ಎಲೆಯ ಮೇಲೇ ನಿಂತುಬಿಡುತ್ತಿತ್ತು.

ಹೀಗೆ ಎರಡು ತಿಂಗಳು ನಡೆದಿರಬೇಕು. ಅಷ್ಟರಲ್ಲಿ ಒಬ್ಬ ವಕೀಲರ ಕಣ್ಣು ಕೆಂಪಾಯಿತು. ನಮ್ಮ ಜನವೇ, ದೂರದ ನೆಂಟಸ್ತಿಕೆಯೂ ಇತ್ತು. ದಿನಾ ಸಂಜೆ ಪಡಸಾಲೆಯ ಬೆಂಚಿನ ತುದಿಗೆ ಕೂತು ಉಪ್ಪಿಟ್ಟು ತಿನ್ನುವವರು. ಮಾನಸ್ಥರು ಕೂಡುವ ಜಾಗದೆದುರಿಗೆ ಹೆಂಗಸರ ಸಂತೆ ನೆರೆದರೆ ನಾವು ಹೇಗೆ ಬರುವುದು ಎಂದು ಹೋಟೆಲಿನವರನ್ನು ತರಾಟೆಗೆ ತೆಗೆದುಕೊಂಡರಂತೆ. ಮರುದಿನ ನಾವು ಹೋದಾಗ ಕೊಂಬಿನ ಬಾಯಿ ಗೋಡೆಯ ಕಡೆಗಿತ್ತು, ಬಾಗಿಲಿಗೆ ಬಿದಿರಿನ ತಟ್ಟಿ ಇಳಿಬಿಟ್ಟಿತ್ತು. ಯಾರೋ ನೀರಿನೊಳಗೆ ಹಾಡುತ್ತಿದ್ದಂತೆ ಕೇಳಿಸುತ್ತಿತ್ತು.

ಹೊಲಿದ ಎಲೆಯ ಕಟ್ಟು ಕೈಯಲ್ಲೇ ಇತ್ತು. ರಸ್ತೆ ದಾಟಿದೆ. ಮೆಟ್ಟಿಲ ಕೆಳಗೆ ನಿಂತು, ಕೊಂಬನ್ನು ಯಾಕೆ ತಿರುಗಿಸಿದಿರಿ ಎಂದು ಕೇಳಿದೆ. ಹೋಟೆಲಿನವರು ಕೆಟ್ಟವರಲ್ಲ, ಮೆತ್ತಗಿನ ಮನುಷ್ಯ. ಮೆತ್ತಗೇ ಹೇಳಿದರು.

"ನೋಡಿ ತಾಯಿ, ಹಾಡು ಇರೋದು ಗಿರಾಕಿಗಳಿಗೆ. ನೀವು ಗಿರಾಕಿಗಳಲ್ಲವಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಆ ಉರಿ ಈಗಲೂ ಪೂರ್ತಿ ಆರಿಲ್ಲ. ಎಲೆಯ ಕಟ್ಟನ್ನು ಕೊಡದೆ ಹಾಗೇ ಕಂಕುಳಲ್ಲಿ ಇರುಕಿಕೊಂಡು ಮನೆಗೆ ಬಂದೆ. ಗಂಡನಿಗೆ ಹೇಳಿದೆ. ಅವರು ನಿನಗೆ ಹುಚ್ಚು ಹಿಡಿದಿದೆ, ಮಂದಿ ನನ್ನನ್ನು ಆಡಿಕೊಳ್ಳುತ್ತಾರೆ, ನಾಳೆ ಹೋಗಿ ಕೊಟ್ಟು ಬಾ ಎಂದರು. ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಕೈಸದ್ದು ನಿಂತಿತು. ಈಗ ನನಗೆ ಇದೆ ಎಂದುಕೊಂಡೆ. ಅವರು ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, ಆತ ಏನೆಂದ, ಅವನ ಮಾತಿನಲ್ಲೇ ಹೇಳು ಎಂದರು. ಹೇಳಿದೆ.

"ಗಿರಾಕಿ ಅಲ್ಲಂತ?" ಎಂದು ನನ್ನ ಕಂಕುಳಲ್ಲಿದ್ದ ಕಟ್ಟನ್ನು ನೋಡಿದರು. "ಹಂಗಾರ ನಾಳಿಂದ ಎಲಿ ಹೊಲೀಬ್ಯಾಡ. ನಾನೂ ಹೊಲಿಯಂಗಿಲ್ಲ." ಬಾಯಿ ತೆರೆಯಹೊರಟ ಮಗನಿಗೆ, ನೀನು ಉಂಡು ಮಲಗು ಎಂದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ಆ ವಾರ ನಮ್ಮ ಮನೆಯಲ್ಲಿ ಇಬ್ಬರಿಗೂ ಒಂದೇ ಕಾಲ ಬಂದಿತ್ತು.

ಬೆಳಗಾಗುತ್ತಲೇ ಅತ್ತೆ ಉಳಿದ ಏಳು ಮನೆಗೂ ಹೋಗಿ ಬಂದರು. ಎಲ್ಲರೂ ಕೂಡಲೇ ಹೂಂ ಎನ್ನಲಿಲ್ಲ. ಎಲೆ ಬಿಟ್ಟರೆ ಒಲೆ ಹೊತ್ತುವುದಿಲ್ಲ ಎಂದು ಒಬ್ಬಳು ಅತ್ತಳಂತೆ. ನಮ್ಮ ಕಣಜದ ಜೋಳ ಅವಳ ಮನೆಗೆ ಹೋಯಿತು. ಸಂಜೆ ಎಂಟೂ ಮನೆಯವರು ಕಟ್ಟೆಯ ಮೇಲೆ ಬರಿಗೈಯಲ್ಲಿ ಕೂತೆವು. ಬರಿಗೈಯಲ್ಲಿ ಕೂತು ನನಗೆ ಅಭ್ಯಾಸವೇ ಇರಲಿಲ್ಲ. ಬೆರಳು ಸುಮ್ಮನೆ ಸೆರಗು ಹೊಲಿಯುತ್ತಿದ್ದವು.

ಎರಡು ದಿನ ಹೋಟೆಲಿನಲ್ಲಿ ಹಳೆಯ ದಾಸ್ತಾನು ನಡೆಯಿತು. ಮೂರನೆಯ ದಿನ ಬಾಳೆಯೆಲೆ ಕೇಳಲು ಅವರು ತೋಟಗಳಿಗೆ ಹೋದರು. ಎಲೆ ಕೊಯ್ದರೆ ಗೊನೆ ಸೊರಗುತ್ತದೆ ಎಂದು ತೋಟದವರು ಕೈ ಅಲ್ಲಾಡಿಸಿದರು. ಕೊನೆಗೆ ಬಣ್ಣದ ತಗಡಿನ ತಟ್ಟೆ ತಂದಿಟ್ಟರು. ಗಾಡಿ ಹೊಡೆಯುವವನೊಬ್ಬ ತಿಂದು ಎದ್ದ ತಟ್ಟೆ ಬಚ್ಚಲಿಗೆ ಹೋಗಿ, ತೊಳೆಸಿಕೊಂಡು ಬಂದು, ನಮ್ಮ ವಕೀಲರ ಮುಂದೆ ಕೂತಿತು. ತಟ್ಟೆಯ ಅಂಚಿನಲ್ಲಿ ಇನ್ನೂ ನೀರು ಜಿನುಗುತ್ತಿತ್ತಂತೆ. ವಕೀಲರು ಇದು ಯಾರ ಎಂಜಲು ಎಂದು ಕೇಳಿದರು. ಹೋಟೆಲಿನವರು ಹೆಗಲ ಬಟ್ಟೆಯಿಂದ ಅಂಚು ಒರೆಸಹೊರಟರು. ವಕೀಲರು ತಟ್ಟಿ ಸರಿಸಿಕೊಂಡು ಹೊರಗೆ ಬಿದ್ದರು, ಅವರ ಹಿಂದೆ ಇನ್ನೂ ಮೂವರು. ನಾವು ಕಟ್ಟೆಯ ಮೇಲಿಂದ ನೋಡಿದೆವು. ನಗಬಾರದು ಎಂದು ಅತ್ತೆ ಹೇಳಿದರು, ತಾವೇ ಮೊದಲು ನಕ್ಕರು.

ಆರನೆಯ ದಿನ ಮಧ್ಯಾಹ್ನ ಹೋಟೆಲಿನವರು ನಮ್ಮ ಜಗುಲಿಗೆ ಬಂದರು. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ ಎಂದು ಅತ್ತೆ ಒಳಗೇ ಗೊಣಗಿ, ಹೊರಗೆ ಬಂದು ಚಾಪೆ ಹಾಸಿದರು. ಕೊಂಬನ್ನು ಮತ್ತೆ ಬೀದಿಗೆ ತಿರುಗಿಸುತ್ತೇನೆ, ತಟ್ಟಿ ತೆಗೆಯುತ್ತೇನೆ, ಎಲೆ ಕೊಡಿ ಎಂದರು ಅವರು. ಸುತ್ತ ನಿಂತ ಹೆಂಗಸರ ಮುಖ ಅರಳಿತು. ನನಗೂ ಸಾಕೆನಿಸಿತು, ಸುಳ್ಳು ಯಾಕೆ ಹೇಳಲಿ. ಹಾಡು ವಾಪಸು ಬರುತ್ತಿತ್ತಲ್ಲ. ಅವರು ಇನ್ನೂ ಒಂದು ಮಾತು ಸೇರಿಸಿದರು. ಬೇಕಾದರೆ ಸಂಜೆ ಎಲ್ಲರಿಗೂ ಹಿಂದಿನ ಕಿಟಕಿಯಿಂದ ಒಂದೊಂದು ಎಲೆ ಉಪ್ಪಿಟ್ಟು ಕೊಡಿಸುತ್ತೇನೆ ಎಂದರು. ಆ ಮಾತು ಆಡದಿದ್ದರೆ ಅವರು ಗೆದ್ದು ಹೋಗುತ್ತಿದ್ದರು.

"ಕಿಟಕ್ಯಾಗ ಬರೋದು ಬೆಕ್ಕು," ಎಂದರು ಅತ್ತೆ. "ಮೂರು ವರ್ಷ ಎಲಿ ಹೊಲದೀನ್ರಿ. ಅದರ ಮುಂದ ಕುಂತು ತಿನ್ನೋದು ಹೆಂಗಿರತೈತಿ ಅಂತ ನೋಡಿಲ್ಲ. ಗಿರಾಕಿ ಅಲ್ಲ ಅಂದ್ರಲ್ಲ, ಗಿರಾಕಿ ಆಗಾಕ ಬರ್ತೀವಿ. ಬಾಗಿಲಾಗ."

ಹೀಗೆ ಹೇಳಿದ್ದು ಯಾರು? ಹೊರಗಡೆ ಒಂದು ಗುಟುಕು ನೀರೂ ಮುಟ್ಟದವರು. ಮಗಳ ಮನೆಗೆ ಹೋದರೂ ಬುತ್ತಿ ಕಟ್ಟಿಕೊಂಡು ಹೋಗುವವರು. ಹೋಟೆಲಿನವರು ಬೆವರಿದರು. ನೀವು ಒಳಗೆ ಕೂತರೆ ಇರುವ ಗಿರಾಕಿಗಳೂ ಎದ್ದು ಹೋಗುತ್ತಾರೆ ಎಂದರು. ಹೋಗಲಿ ಬಿಡಿ, ತಗಡಿನ ತಟ್ಟೆಯಲ್ಲಿ ಉಣ್ಣುವ ಗಿರಾಕಿಗಳು ಬರುತ್ತಾರಲ್ಲ ಎಂದು ಅತ್ತೆ ಎದ್ದು ಒಳಗೆ ಹೋದರು. ಹೋಟೆಲಿನವರು ಜಗುಲಿಯಿಂದ ಎದ್ದು, ನಾಳೆ ಬನ್ನಿ ಎಂದು ನನಗೆ ಹೇಳಿ ಹೋದರು.

ಮರುದಿನ ಬೆಳಗ್ಗೆ ಎಲೆ ಹೋಯಿತು. ಸಂಜೆ ನಾವು ಇಬ್ಬರೇ. ಉಳಿದವರು, ನೀವು ಮೊದಲು ಹೋಗಿ ಬನ್ನಿ, ಆಮೇಲೆ ನೋಡೋಣ ಎಂದು ಕಟ್ಟೆಯ ಮೇಲೆ ಕೂತರು. ನಾನು ಹಸಿರು ಸೀರೆ ಉಟ್ಟಿದ್ದೆ. ಮೂರೇ ಮೆಟ್ಟಿಲು. ಅತ್ತೆ ಮುಂದೆ, ನಾನು ಹಿಂದೆ. ಎಲೆ ಬಂದ ಸುದ್ದಿ ಕೇಳಿ ವಕೀಲರೂ ಬಂದಿದ್ದರು. ಅವರ ಮುಂದಿನ ಎಲೆಯಲ್ಲಿ ಉಪ್ಪಿಟ್ಟು ಅರ್ಧ ಮುಗಿದಿತ್ತು. ನಮ್ಮನ್ನು ಕಂಡು ಅರ್ಧ ಎದ್ದರು.

"ಕುಂದರ್ರಿ," ಎಂದರು ಅತ್ತೆ, ಬೀಗರಿಗೆ ಹೇಳುವಷ್ಟು ಮರ್ಯಾದೆಯಿಂದ. "ಉಣ್ಣೋ ಎಲಿ ಬಿಟ್ಟು ಏಳಬಾರ್ದು."

ಏಳಬಾರದು ಎನ್ನುವುದು ಅವರಿಗೂ ಗೊತ್ತಿತ್ತು. ಅವರ ಮನೆಯಲ್ಲೂ ಅವರ ತಾಯಿ ಅದನ್ನೇ ಕಲಿಸಿದ್ದರು. ಕೂತರು. ತಲೆ ಎತ್ತದೆ ಉಪ್ಪಿಟ್ಟಿನ ಒಂದೊಂದೇ ಕಾಳು ನುಂಗಿದರು. ನಾವು ಅವರ ಎದುರಿನ ಬೆಂಚಿಗೆ ಕೂತೆವು. ಎಲೆ ಬಂತು. ಅತ್ತೆ ಅದನ್ನು ಮಗುಚಿ ಹೊಲಿಗೆ ನೋಡಿ, ಇದು ನಿನ್ನದೇ, ಕಂಪ್ಲಿಯವರ ಹೊಲಿಗೆ, ಉದ್ದುದ್ದ ಎಂದು ನನ್ನನ್ನು ಹಂಗಿಸಿದರು. ಉಪ್ಪಿಟ್ಟಿಗೆ ಉಪ್ಪು ಕಡಿಮೆ ಎಂದರು. ಬೈಯುವ ಹೆಂಡತಿಯ ಹಾಡಿನ ತಟ್ಟೆ ಹಾಕಿ ಎಂದು ತಾವೇ ಕೇಳಿದರು. ಕೊಂಬಿನ ಬಾಯಿ ನಮ್ಮಿಂದ ಒಂದು ಮೊಳದಲ್ಲಿತ್ತು. ಹಾಡುವ ಹೆಂಗಸು ಉಸಿರೆಳೆದುಕೊಳ್ಳುವುದೂ ಕೇಳಿಸುತ್ತಿತ್ತು. ನನಗೆ ಕಣ್ಣೀರು ಬಂತು. ಅತ್ತೆ ಎಲೆಯ ಮೇಲೆ ಕೈಯಿಟ್ಟುಕೊಂಡು ಕೊನೆಯವರೆಗೂ ಕೇಳಿದರು, ಗಾಳಿಯ ಮಾತೆತ್ತಲಿಲ್ಲ.

ಮನೆಗೆ ಹೊರಟರೆ ಗೇಟು ಹಾಕಿತ್ತು. ಸಂಡೂರಿನ ಅದಿರಿನ ಗಾಡಿ ಬರುವುದಿತ್ತು. ಗೇಟಿನ ಈಚೆ ಎತ್ತಿನ ಬಂಡಿಗಳು, ಸೈಕಲ್ ಹಿಡಿದ ಗಂಡಸರು. ಶೆಡ್ಡಿನಿಂದ ಬಂದ ನನ್ನ ಗಂಡನೂ ಅವರ ನಡುವೆ ನಿಂತಿದ್ದರು. ಸುದ್ದಿ ನಮಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಯಾರೋ ಕೆಮ್ಮಿದರು, ಯಾರೋ ಕಿಸಕ್ಕೆಂದರು. ಗಂಡ ತಲೆ ತಗ್ಗಿಸಿದರು. ಅತ್ತೆ ನನ್ನ ಮೊಣಕೈ ಹಿಡಿದರು.

"ಕಂಪ್ಲಿಯಾಕಿ, ಆ ಬೈಯೋ ಹಾಡು ನಿನಗ ಪೂರ್ತಿ ಬರತೈತೇನು?"

"ಬರತೈತ್ರಿ."

"ಹಾಡು ಮತ್ತ. ಮನಿ ಬಾಗಿಲು ದಾಟಬಾರ್ದು ಅಂದಿದ್ದೆ. ಇದು ಮನಿ ಅಲ್ಲ."

ಗಂಡ ತಲೆ ಎತ್ತಿ ನನ್ನನ್ನು ನೋಡಿದರು. ಬೇಡ ಎಂದು ಆ ಕಣ್ಣು ಹೇಳುತ್ತಿತ್ತು. ನಾನು ಹಾಡಿದೆ. ನಾಲ್ಕು ವರ್ಷ ಮುಚ್ಚಿಟ್ಟ ಗಂಟಲು, ಮೊದಲ ಸಾಲು ಒಡೆಯಿತು. ಎರಡನೆಯ ಸಾಲಿಗೆ ಸರಿಯಾಯಿತು. ಗೇಟು ಮುಚ್ಚಿದ್ದರಿಂದ ಯಾರೂ ಎಲ್ಲಿಗೂ ಹೋಗುವಂತಿರಲಿಲ್ಲ. ಗಾಡಿ ಬಂದಾಗ ಅದರ ಸದ್ದಿಗಿಂತ ಗಟ್ಟಿಯಾಗಿ ಹಾಡಿದೆ. ಅದು ಹೋಯಿತು, ಗೇಟು ತೆರೆಯಿತು, ಬಂಡಿಗಳು ಅಲುಗಾಡಿದವು. ಹಾಡು ಇನ್ನೂ ಮುಗಿದಿರಲಿಲ್ಲ. ಮುಗಿಸಿಯೇ ದಾಟಿದೆ.