ರೊಟ್ಟಿಯೊಳಗಿನ ಗೆಣಸು

ಅವ್ವನ ಅಸ್ಥಿ ಬಿಡಲು ಕಾಶಿಗೆ ಹೋದಾಗ ಅಲ್ಲಿಯ ಭಟ್ಟರು, ನಿಮಗೆ ಪ್ರೀತಿಯದೊಂದು ತಿನಿಸನ್ನು ಆಕೆಯ ಹೆಸರಿನಲ್ಲಿ ಬಿಟ್ಟುಬಿಡಿ ಎಂದಿದ್ದರು. ಬಿಡುವುದಾದರೆ ಒಂದೇ ಯಾಕೆ ಎಂದು ನಾನು ನೆಲದೊಳಗೆ ಬೆಳೆಯುವುದನ್ನೆಲ್ಲ ಬಿಟ್ಟೆ. ಗಜ್ಜರಿ, ಮೂಲಂಗಿ, ಬೀಟ್‌ರೂಟು, ಎಲ್ಲ. ಉಳ್ಳಾಗಡ್ಡಿಯೊಂದನ್ನು ಉಳಿಸಿಕೊಂಡೆ, ಬದುಕಬೇಕಲ್ಲ! ಗೆಣಸು ಬಿಡುವಾಗ ಮಾತ್ರ ಕಣ್ಣಲ್ಲಿ ನೀರು ಬಂತು. ಅವ್ವ ಅದನ್ನು ಒಲೆಯ ಬೂದಿಯಲ್ಲಿ ಸುಟ್ಟು, ಸಿಪ್ಪೆ ಸುಲಿದು ಕೊಡುತ್ತಿದ್ದಳು.

ಹೋದ ವರ್ಷ ಕಾಲಿನ ಗಾಯ ಕೀವಾಗಿ ತಿಂಗಳುಗಟ್ಟಲೆ ಆ್ಯಂಟಿಬಯೋಟಿಕ್ ನುಂಗಿದೆ. ಗಾಯ ಮಾಯಿತು, ಹೊಟ್ಟೆ ಕೆಟ್ಟಿತು. ಲಕ್ಷ್ಮೇಶ್ವರದಿಂದ ಬಸ್ಸು ಹತ್ತಿದರೆ ನಡುದಾರಿಯಲ್ಲಿ ಎಲ್ಲಿ ಇಳಿಯಬೇಕಾದೀತೋ ಎಂಬ ಹೆದರಿಕೆ. ಹೇಗೋ ಹೆಂಡತಿಯ ಜೊತೆ ಗದಗಿನ ಡಾಕ್ಟರರ ಹತ್ತಿರ ಹೋದೆ.

"ನೀವು ಉಣ್ಣೂದು ನಿಮಗಷ್ಟ ಅಲ್ರಿ," ಎಂದರು ಅವರು. "ಗೆಣಸು, ಗಜ್ಜರಿಯೊಳಗಿನ ನಾರು ನಮಗ ಪಚನ ಆಗಂಗಿಲ್ಲ. ಅದು ಹಂಗ ದೊಡ್ಡ ಕರುಳಿಗೆ ಹೋಗಿ ಒಳ್ಳೆ ಬ್ಯಾಕ್ಟೀರಿಯಾಕ್ಕ ಊಟ ಆಗ್ತೈತಿ. ನಿಮ್ಮವು ಗುಳಿಗಿ ಹೊಡತಕ್ಕ ಭಾಳ ಸತ್ತಾವ. ಉಳಿದಾವು ಉಪವಾಸ ಅದಾವ."

ನಾನು ಗಡ್ಡೆ ಬಿಟ್ಟಿದ್ದೇನೆಂದರೆ ನಕ್ಕುಬಿಟ್ಟರು. ಮೈಯೆಲ್ಲ ಉರಿಯಿತು. ಈತನ ಮಾವನದು ಎಲ್ಲೋ ಗೆಣಸಿನ ಹೊಲ ಇರಬೇಕು ಅಂದುಕೊಂಡೆ. ಹೆಂಡತಿ ಮಾತ್ರ ತುಟಿಪಿಟಕ್ಕೆನ್ನದೆ ಕೇಳುತ್ತಿದ್ದಳು. ಆಕೆ ಸುಮ್ಮನಿದ್ದರೆ ನನಗೆ ಯಾವಾಗಲೂ ಸಂಶಯ.

ತಿಂಗಳೊಪ್ಪತ್ತಿನಲ್ಲಿ ಹೊಟ್ಟೆ ತಣ್ಣಗಾಯಿತು. ಖುಷಿಯಾಗಬೇಕಿತ್ತು, ನನಗೆ ಗುಮಾನಿ ಹತ್ತಿತು. ಹೊಸ ಔಷಧ ಯಾವುದೂ ಇಲ್ಲ, ಪಲ್ಯ ಅದೇ, ಮತ್ತಿದು ಹೇಗೆ? ರೊಟ್ಟಿ ಮಾತ್ರ ಮೆತ್ತಗಿತ್ತು, ತುಸು ಸಿಹಿಯಿತ್ತು. ಕೇಳಿದರೆ "ಜ್ವಾಳಾ ಹೊಸಾವ್ರಿ" ಎಂದಳು. ನೀರು ಕುಡಿಯಲು ಅಡುಗೆಮನೆಗೆ ಹೋದರೆ "ನೀವು ಕುಂಡ್ರಿ, ನಾನ ತರ್ತೀನಿ" ಎಂದು ಅಡ್ಡ ನಿಂತಳು. ಒಂದು ದಿನ ಎಮ್ಮೆಯ ಮುಸುರೆ ಬಕೆಟ್ಟಿನಲ್ಲಿ ಗೆಣಸಿನ ಸಿಪ್ಪೆ ಕಂಡಿತು. ಬಾಜೂ ಮನೆಯವರು ಎಮ್ಮೆಗೆಂದು ಕೊಟ್ಟಿದ್ದಾರಂತೆ! ಹೇಳುವಾಗ ಆಕೆ ನನ್ನ ಮುಖ ನೋಡಲಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ.

ಮರುದಿನ ರೊಟ್ಟಿ ಮುರಿದಾಗ ಗೆಣಸಿನ ನಾರಿನ ಎಳೆಯೊಂದು ಕೈಗೆ ಸಿಕ್ಕಿತು. ತಾಟು ದೂರ ತಳ್ಳಿದೆ.

"ಏನಿದು? ಖರೆ ಹೇಳು. ಅವ್ವಗ ಕೊಟ್ಟ ಮಾತು ಮುರಿಸಿದೆಲ್ಲ ನೀ!"

ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಹೌದ್ರಿ, ಹಾಕೇನಿ. ಕುದಿಸಿ ಹಿಟ್ಟಿನಾಗ ನಾದೇನಿ. ನಿಮಗ ಗೊತ್ತಿಲ್ಲದ ಉಂಡೀರಿ, ನಿಮಗೇನೂ ಹತ್ತಂಗಿಲ್ಲ. ಪಾಪ ಬಂದ್ರ ಹಾಕಿದಾಕಿಗೆ ಬರಲಿ. ಮ್ಯಾಲ ಹೋದಾಗ ಅತ್ತಿಯವರಿಗೆ ನಾನ ಜವಾಬ್ ಹೇಳ್ತೀನಿ."

ಇಷ್ಟು ದಿನ ಆಕೆಯ ಬೆನ್ನಿಗೆ ಬಿದ್ದು ಪತ್ತೇದಾರಿಕೆ ಮಾಡಿದ್ದಕ್ಕೆ ನಾಚಿಕೆಯಾಯಿತು. ಅವ್ವನ ಮುಂದೆ ಆಕೆಯೊಬ್ಬಳನ್ನೇ ನಿಲ್ಲಿಸಲು ಮನಸ್ಸು ಒಪ್ಪಲಿಲ್ಲ. ತಾಟು ಎಳೆದುಕೊಂಡು, ಆ ರೊಟ್ಟಿಯನ್ನು ಗೊತ್ತಿದ್ದೇ ಉಂಡೆ.