ಧ್ವನಿಯೊಳಗಿನ ನಗು

ನನ್ನ ಟೆಲಿಫೋನಿನ ಪಕ್ಕದಲ್ಲಿ ಅಂಗೈಯಗಲದ ಒಂದು ಕನ್ನಡಿ ಅಂಟಿಸಿದ್ದಾರೆ. ಮುಖ ನೋಡಿಕೊಳ್ಳಲಿಕ್ಕಲ್ಲ, ಹಲ್ಲು ನೋಡಿಕೊಳ್ಳಲಿಕ್ಕೆ. ಮಸ್ಕತ್ತಿನ ಕಡಲದಂಡೆಯ ಈ ಹೋಟೆಲಿಗೆ ನಾನು ಆಪರೇಟರ್ ಆಗಿ ಸೇರಿದಾಗ ತರಬೇತಿ ಕೊಡಲು ಬಂದ ಮೇಡಂ ಹೇಳಿದ್ದರು: ಮೊದಲು ನಗಬೇಕು, ಆಮೇಲೆ ಫೋನ್ ಎತ್ತಬೇಕು. ನಗು ಧ್ವನಿಯಲ್ಲಿ ಗೊತ್ತಾಗುತ್ತದೆ, ಗೆಸ್ಟಿಗೆ ನಿಮ್ಮ ಹಲ್ಲು ಕೇಳಿಸಬೇಕು. ಹಲ್ಲು ಕೇಳಿಸುವುದೆಂದರೆ ಎಂತ ಎಂದು ಆ ದಿನ ನಿಜವಾಗಿಯೂ ನಗು ಬಂದಿತ್ತು. ಅಲ್ಲಿಂದೀಚೆಗೆ ಅದು ಕೆಲಸವಾಯಿತು.

ನಾನು ಗ್ರೆಟ್ಟಾ, ಮಂಗಳೂರಿನ ಕಡೆಯವಳು. ಮನೆ ಅಲ್ ಮಬೇಲಾದಲ್ಲಿ. ಗಂಡ ಮ್ಯಾಕ್ಸ್‌ವೆಲ್ ಘಾಲಾದ ಗ್ಯಾರೇಜೊಂದರಲ್ಲಿ ಸ್ಪೇರ್ ಪಾರ್ಟ್ಸ್ ನೋಡಿಕೊಳ್ಳುತ್ತಾರೆ, ಮಗಳು ಕ್ರಿಸ್ಟಲ್ ಇಲ್ಲೇ ಇಂಡಿಯನ್ ಸ್ಕೂಲಿಗೆ ಹೋಗುತ್ತಾಳೆ. ನನ್ನ ಬಗ್ಗೆ ಹೇಳಲು ಇಷ್ಟೇ ಇರುವುದು. ಹೇಳಬೇಕಾದದ್ದು ಡೆಸ್ಮಂಡನ ಬಗ್ಗೆ.

ಹೋಟೆಲಿನ ನೆಲಮಾಳಿಗೆಯಲ್ಲಿ, ಕಿಟಕಿಯಿಲ್ಲದ ನನ್ನ ರೂಮಿಗೆ ತಾಗಿಯೇ ಹಾಡುವವರು ಬಟ್ಟೆ ಬದಲಿಸುವ ಕೋಣೆ ಇದೆ. ಡೆಸ್ಮಂಡ್ ಈಜುಕೊಳದ ಪಕ್ಕದಲ್ಲಿ ಸಂಜೆ ಹೊತ್ತು ರೆಗೆ ಹಾಡುತ್ತಿದ್ದ. ಊರು ಜಮೈಕಾದ ಪೋರ್ಟ್ ಆಂಟೋನಿಯೊ. ನಮ್ಮವರಿಗೆ ವೆಸ್ಟ್ ಇಂಡೀಸ್ ಎಂದರೆ ಕ್ರಿಕೆಟ್ ಮಾತ್ರ. ಅವನ ಎತ್ತರ ನೋಡಿ, ಸ್ಟಾಫ್ ಕ್ಯಾಂಟೀನಿನ ಶರ್ಫುದ್ದೀನ್ ಕೊನೆಯವರೆಗೂ ಅವನನ್ನು ನಿವೃತ್ತ ಬೌಲರ್ ಎಂದೇ ನಂಬಿದ್ದ. ವಯಸ್ಸಿನಲ್ಲಿ ನನಗಿಂತ ಎಷ್ಟೋ ದೊಡ್ಡವನು. ಆದರೂ ‘ಅವರು’ ಎಂದು ಬರೆದರೆ ಬೇರೆ ಯಾರದೋ ಕಥೆ ಹೇಳಿದಂತಾಗುತ್ತದೆ. ಅವನ ಇಂಗ್ಲಿಷಿನಲ್ಲಿ ಅರ್ಧವನ್ನು ನಾನು ಅಂದಾಜಿನ ಮೇಲೆಯೇ ಅರ್ಥ ಮಾಡಿಕೊಳ್ಳುತ್ತಿದ್ದೆ. ಹಾಗಾಗಿ ಅವನು ಇಲ್ಲಿ ನಮ್ಮೂರಿನ ಕನ್ನಡದಲ್ಲೇ ಮಾತಾಡುತ್ತಾನೆ, ಬೇಜಾರು ಮಾಡಿಕೊಳ್ಳುವವನಲ್ಲ.

ನಮ್ಮ ಸ್ನೇಹ ಬೆಳೆದದ್ದು ಜೀಗುಜ್ಜೆ ಎಂಬ ಹಲಸಿನ ಜಾತಿಯ ಕಾಯಿಯಿಂದ. ಒಂದು ಸಲ ಊರಿನಿಂದ ಬಂದವನು ಕೆಂಡದಲ್ಲಿ ಸುಟ್ಟ ಕಾಯೊಂದನ್ನು ಪೇಪರಿನಲ್ಲಿ ಸುತ್ತಿ ತಂದು, ಇದು ನಮ್ಮಲ್ಲಿ ಮಾತ್ರ ಸಿಗುವುದು ಎಂದು ದೊಡ್ಡದಾಗಿ ಹೇಳಿ ನನ್ನ ಮೇಜಿನ ಮೇಲಿಟ್ಟ. ಬಿಡಿಸಿ ನೋಡಿದರೆ ನಮ್ಮ ಜೀಗುಜ್ಜೆ!

“ಎಂತ ಮಾರಾಯ, ಇದು ನಮ್ಮ ಬಾವಿಕಟ್ಟೆಯ ಹತ್ತಿರ ಬಿದ್ದು ಕೊಳೆಯುತ್ತದೆ” ಎಂದೆ. ಅವನ ಮುಖ ಸಪ್ಪಗಾಯಿತು. ಮರುದಿನ ನಾನು ಅದನ್ನು ಹಿಟ್ಟಿನಲ್ಲಿ ಅದ್ದಿ ಕರಿದು, ಪೋಡಿ ಮಾಡಿ ತಂದುಕೊಟ್ಟ ಮೇಲೆ ಸರಿಹೋದ.

ಡೆಸ್ಮಂಡನಿಗಿದ್ದದ್ದು ಒಂದೇ ಆಸೆ. ಇಷ್ಟು ವರ್ಷ ಬೇರೆಯವರ ಹಾಡುಗಳನ್ನೇ ಹಾಡಿದವನು, ತನ್ನದೇ ಹಾಡುಗಳನ್ನು ತನ್ನ ಊರಿನಲ್ಲಿ, ಬಾಲ್ಯದ ಗೆಳೆಯ ಗ್ಯಾವಿನ್‌ನ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಬೇಕು. ಅದೊಂದು ಆಗದೆ ಸತ್ತರೆ ತಾನು ಹಾಡಿಯೇ ಇರಲಿಲ್ಲ ಎಂದು ಲೆಕ್ಕ ಎನ್ನುತ್ತಿದ್ದ. ರಂಜಾನ್ ತಿಂಗಳಲ್ಲಿ ಇಲ್ಲಿನ ಹೋಟೆಲುಗಳಲ್ಲಿ ಬ್ಯಾಂಡು, ಹಾಡು ಏನೂ ಇರುವುದಿಲ್ಲ. ಅದೇ ಅವನ ರಜೆ. ಎಲ್ಲರೂ ಉಪವಾಸಕ್ಕೆ ಚಂದ್ರನನ್ನು ಕಾದರೆ ಇವನು ವಿಮಾನಕ್ಕೆ ಕಾಯುತ್ತಿದ್ದ. ಆದರೆ ಊರಿಗೆ ಹೋದವನ ರಜೆ ಅವನ ಕೈಯಲ್ಲಿರುತ್ತದೆಯೇ? ನಮ್ಮದೂ ಅದೇ ಪಾಡು. ಒಂದು ವರ್ಷ ಬಿರುಗಾಳಿಗೆ ಹಾರಿದ ಮನೆಯ ಮಾಡು ಹೊದಿಸಿ ಬಂದ. ಇನ್ನೊಂದು ವರ್ಷ ಮಗಳು ಆಫಿಯಾಳ ಮದುವೆ ಮುಗಿಸಿ ಬಂದ. ಪ್ರತಿ ಸಲ ಬಂದ ಮೇಲೆ “ಬರುವ ರಂಜಾನಿಗೆ ನೋಡುವ” ಎನ್ನುತ್ತಿದ್ದ.

ಕೊನೆಗೂ ಒಂದು ವರ್ಷ ಯಾವ ಅಡ್ಡಿಯೂ ಇಲ್ಲದೆ ಸ್ಟುಡಿಯೋದ ಬಾಗಿಲು ದಾಟಿದ. ಈದ್ ಕಳೆದು ವಾಪಸ್ ಬಂದವನು ಬ್ಯಾಗನ್ನೂ ಇಳಿಸದೆ ನನ್ನ ಬಾಗಿಲಲ್ಲಿ ನಿಂತುಕೊಂಡ.

“ಗ್ರೆಟ್ಟಾ, ಸತ್ಯ ಹೇಳು. ನಾನು ಹಾಡುವಾಗ ನಗ್ತೇನಾ?”

“ನಗದೆ ಎಂತ? ಅಲ್ಲಿ ಕೂತವರು ಅಳ್ಳಿಕ್ಕೆ ಬರ್ತಾರಾ?”

ಅವನು ಕುರ್ಚಿ ಎಳೆದು ಕುಳಿತು ಹೇಳಿದ. ಮೊದಲು ಹಾಡಿದ್ದು ಅಪ್ಪನ ಹಾಡು. ಅವನ ಅಪ್ಪ ಮೀನು ಹಿಡಿಯಲು ಹೋಗಿ ದೋಣಿಯೊಂದಿಗೆ ಮುಳುಗಿದವರು, ಹೆಣವೂ ಸಿಗಲಿಲ್ಲ. ಅರ್ಧ ಹಾಡು ಆಗುವಾಗ ಗ್ಯಾವಿನ್ ರೆಕಾರ್ಡಿಂಗ್ ನಿಲ್ಲಿಸಿದನಂತೆ. ಗಾಜಿನಾಚೆಯಿಂದ ಕೇಳಿದನಂತೆ: “ನಿನ್ನ ಅಪ್ಪ ಮುಳುಗ್ತಾ ಇದ್ದಾನೆ. ನೀನು ಯಾರನ್ನು ನೋಡಿ ನಗ್ತಿದ್ದಿ?”

“ಅಲ್ಲಿ ಯಾರೂ ಇರಲಿಲ್ಲ, ಗ್ರೆಟ್ಟಾ. ನನ್ನ ಮುಂದೆ ಮೈಕು, ಹಿಂದೆ ಗೋಡೆ.”

ಲೈಟು ಆರಿಸಿ ಹಾಡಿದ. ಗೋಡೆಗೆ ಮುಖ ಮಾಡಿ ಹಾಡಿದ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡೂ ಹಾಡಿದ. ಸಾಲು ಮುಗಿಯುವಲ್ಲಿ ನಗು ಬಂದು ಕೂರುತ್ತಿತ್ತು. ಈಜುಕೊಳದ ಪಕ್ಕದ ಟೇಬಲಿನವರು ತಲೆಯೆತ್ತಿ ನೋಡಿದಾಗ ಕೊಡುವ ನಗು ಅದು, ಅವನ ಗಂಟಲಿಗೇ ಇಳಿದುಬಿಟ್ಟಿತ್ತು. ಇದು ಡೆಸ್ಮಂಡ್ ಅಲ್ಲ, ಹೋಟೆಲು ಹಾಡುತ್ತಿದೆ ಎಂದ ಗ್ಯಾವಿನ್ ರೆಕಾರ್ಡ್ ಆದದ್ದನ್ನೆಲ್ಲ ಅಳಿಸಿಹಾಕಿದನಂತೆ. ಅಷ್ಟು ವರ್ಷ ಕಾದವನು ಬರಿಗೈಯಲ್ಲಿ ಬಂದಿದ್ದ.

ಗ್ಯಾವಿನ್ ಮೇಲೆ ನನಗೆ ಕೋಪ ಬಂತು. ಎಂಥ ಗೆಳೆಯ ಅವನು! ಎರಡು ಮಾತು ಚೆನ್ನಾಗಿದೆ ಎಂದು ಕಳಿಸಿದ್ದರೆ ಇವನು ಸುಖವಾಗಿ ಇರುತ್ತಿದ್ದ. ಅದನ್ನು ಹೇಳುವ ಬದಲು ಅವನಿಗೆ ಟೆಲಿಫೋನಿನ ಪಕ್ಕದ ಕನ್ನಡಿಯನ್ನು ತೋರಿಸಿದೆ. ಅದು ಯಾಕೆ ಎಂದೂ ಹೇಳಿದೆ. ಒಮ್ಮೆ ಮಾರ್ಕ್ಸ್ ಕಡಿಮೆ ಬಂತೆಂದು ಕ್ರಿಸ್ಟಲ್‌ಗೆ ಬೈಯುತ್ತಿದ್ದಾಗ ಅವಳು, “ಮಮ್ಮಿ, ಪ್ಲೀಸ್, ಹೋಟೆಲ್ ವಾಯ್ಸ್‌ನಲ್ಲಿ ಬೈಬೇಡಿ” ಎಂದದ್ದನ್ನೂ ಹೇಳಿದೆ. ಬೈಗುಳಕ್ಕೂ ಹಲ್ಲು ಬಂದಿದೆ ಎಂದರೆ ನಾನು ಎಲ್ಲಿಗೆ ಮುಟ್ಟಿದ್ದೇನೆ ನೋಡಿ.

“ಅದು ನಿನಗೆ ಯಾವಾಗಲಾದರೂ ಬಿಟ್ಟುಹೋಗ್ತದಾ?” ಎಂದು ಅವನು ಕೇಳಿದ.

ಯೋಚಿಸಿದೆ. ಒಮ್ಮೆ ಬಿಟ್ಟುಹೋಗಿತ್ತು. ಇನ್ನೊಬ್ಬ ಆಪರೇಟರ್ ಶಬ್ನಂಗೆ ಜ್ವರ ಬಂದು ನಾನು ಅವಳ ಡ್ಯೂಟಿಯನ್ನೂ ಸೇರಿಸಿ ಮಾಡಿದ ದಿನ. ಕೊನೆಗೆ ಫೋನ್ ಮಾಡಿದ ಗೆಸ್ಟ್ ಒಬ್ಬರು ಆಪರೇಟರ್ ಒರಟು ಎಂದು ದೂರು ಕೊಟ್ಟರು. ನಾನು ಹೇಳಿದ್ದು ದಿನಾ ಹೇಳುವ ಅದೇ ಗುಡ್ ಈವ್ನಿಂಗ್, ಒಂದಕ್ಷರ ಹೆಚ್ಚುಕಡಿಮೆ ಇರಲಿಲ್ಲ. ನಗಲಿಕ್ಕೆ ತ್ರಾಣ ಇರಲಿಲ್ಲ ಅಷ್ಟೆ.

“ಸುಸ್ತಾದರೆ ಬಿಡ್ತದೆ” ಎಂದೆ.

ಹೇಳಿದ್ದು ತಮಾಷೆಗೆ. ಅವನು ಅದನ್ನು ಔಷಧಿಯ ಹಾಗೆ ಕಟ್ಟಿಕೊಂಡು ಹೋದ.

ಮುಂದಿನ ರಂಜಾನಿನಲ್ಲಿ ಅವನು ಮಾಡಿದ್ದನ್ನು ಕೇಳಿದರೆ ಬುದ್ಧಿ ಇದ್ದವರು ಬೈದಾರು. ಮಸ್ಕತ್ತಿನಲ್ಲಿ ಕಡೆಯ ಶೋ ಮುಗಿಸಿ ಅದೇ ಬಟ್ಟೆಯಲ್ಲಿ ಏರ್‌ಪೋರ್ಟಿಗೆ ಹೋದ. ವಿಮಾನದಲ್ಲಿ ಬೇಕೆಂದೇ ಕಣ್ಣು ಮುಚ್ಚಲಿಲ್ಲ. ಲಂಡನ್ನಿನಲ್ಲಿ ಮುಂದಿನ ವಿಮಾನ ತಡವಾಯಿತು, ಅಲ್ಲೂ ಕುರ್ಚಿಯಲ್ಲಿ ಸೆಟೆದು ಕುಳಿತ. ಕಿಂಗ್‌ಸ್ಟನ್‌ನಲ್ಲಿ ಇಳಿದು, ಜನ ತುಂಬಿದ ವ್ಯಾನಿನಲ್ಲಿ ಗುಡ್ಡದ ತಿರುವುಗಳನ್ನು ಹಾದು, ಸೊಂಟ ಬಿದ್ದುಹೋದ ಸ್ಥಿತಿಯಲ್ಲಿ ಪೋರ್ಟ್ ಆಂಟೋನಿಯೊ ಮುಟ್ಟಿದ. ಮಗಳ ಮನೆಗೂ ಹೋಗಲಿಲ್ಲ. ಸೀದಾ ಸ್ಟುಡಿಯೋಕ್ಕೆ ಹೋಗಿ, ಸೂಟ್‌ಕೇಸನ್ನೇ ಕುರ್ಚಿ ಮಾಡಿಕೊಂಡು ಮೈಕಿನ ಮುಂದೆ ಕುಳಿತ. ಗ್ಯಾವಿನ್ ಮೊದಲು ಮಲಗು ಎಂದನಂತೆ. “ಮಲಗಿದರೆ ಆ ನಗುವಿಗೆ ಎಚ್ಚರ ಆಗ್ತದೆ” ಎಂದನಂತೆ ಇವನು.

ಆ ಹಾಡು ನನ್ನ ಮೊಬೈಲಿಗೆ ಬಂದದ್ದು ನಾನು ಸ್ಟಾಫ್ ಬಸ್ಸಿನಲ್ಲಿ ಮನೆಗೆ ಹೊರಟಾಗ. ಇಯರ್‌ಫೋನ್ ಹಾಕಿ ಕೇಳಿದೆ. ಮೊದಲಿಗೆ ಯಾರದೋ ಧ್ವನಿ ಎನಿಸಿತು. ಅಲ್ಲಲ್ಲಿ ಒಡೆದಿತ್ತು, ಉಸಿರು ಸಾಲುತ್ತಿರಲಿಲ್ಲ, ಯಾರನ್ನೂ ಖುಷಿಪಡಿಸುವ ಗೋಜೇ ಅದಕ್ಕಿರಲಿಲ್ಲ. ಸಮುದ್ರದಂಡೆಯಲ್ಲಿ ನಿಂತ ಹುಡುಗ ಅಪ್ಪನನ್ನು ಕರೆಯುತ್ತಾನೆ, ಅಪ್ಪ ಬರುವುದಿಲ್ಲ. ಹಾಡಿನಲ್ಲಿರುವುದು ಅಷ್ಟೇ. ನನಗೆ ಅಳು ಬಂತು. ಅದಕ್ಕಿಂತ ಹೆಚ್ಚಾಗಿ ಹೊಟ್ಟೆಯುರಿ ಬಂತು, ಸುಳ್ಳು ಯಾಕೆ ಹೇಳಲಿ? ಅವನು ಆ ನಗುವನ್ನು ಎಲ್ಲೋ ಇಳಿಸಿ ಬಂದಿದ್ದ. ನಾನು ಅದನ್ನು ಹೊತ್ತುಕೊಂಡೇ ಮಬೇಲಾದಲ್ಲಿ ಇಳಿದೆ.

ಈದ್ ಆದ ಮೇಲೆ ಅವನು ಬಂದ, ಈಜುಕೊಳದ ಪಕ್ಕ ಎಂದಿನಂತೆ ನಿಂತ. ನಗು ಬರಲಿಲ್ಲ. ಬಿದ್ದ ಹಲ್ಲು ಮತ್ತೆ ಹುಟ್ಟೀತೇ? ಹಾಡು ಅದೇ, ತಾಳ ಅದೇ, ಜನ ಅರ್ಧ ಗ್ಲಾಸಿಗೇ ಎದ್ದುಹೋಗತೊಡಗಿದರು. ಮದುವೆಯ ವಾರ್ಷಿಕೋತ್ಸವಕ್ಕೆಂದು ಬಂದ ಗಂಡ ಹೆಂಡತಿ ಒಂದು ಖುಷಿಯ ಹಾಡು ಹಾಡಲು ಕೇಳಿದರು. ಹಾಡಿ ಮುಗಿಸಿದಾಗ ಆ ಹೆಂಗಸು ಹತ್ತಿರ ಬಂದು, ನಿಮ್ಮ ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದಾರಾ ಎಂದು ಕೈಹಿಡಿದು ವಿಚಾರಿಸಿದಳಂತೆ. ಮ್ಯಾನೇಜರ್ ಕರೆದು, ಸಿಂಗರ್ ಸಪ್ಪೆ ಎಂದು ಗೆಸ್ಟುಗಳು ಬರೆದಿದ್ದಾರೆ, ಸರಿ ಮಾಡಿಕೊ ಎಂದರು.

ಅವನೂ ಸುಮ್ಮನಿರಲಿಲ್ಲ. ಹೊಟ್ಟೆಪಾಡು ಅಲ್ಲವೇ? ನನ್ನ ಹತ್ತಿರ ಬಂದು, “ಅಂಥದ್ದೊಂದು ಕನ್ನಡಿ ನನಗೂ ತಂದುಕೊಡು” ಎಂದ. ಮಬೇಲಾದ ಅಂಗಡಿಯಿಂದ ತಂದುಕೊಟ್ಟೆ. ಮಧ್ಯಾಹ್ನ ಬೇಗ ಬಂದು ಪಕ್ಕದ ಕೋಣೆಯಲ್ಲಿ ಅದರ ಮುಂದೆ ಕುಳಿತು, ಒಂದೇ ಸಾಲನ್ನು ನಗುನಗುತ್ತಾ ಹಾಡಲು ಅಭ್ಯಾಸ ಮಾಡುತ್ತಿದ್ದ. ಗೋಡೆ ತೆಳು, ಎಲ್ಲ ಕೇಳಿಸುತ್ತಿತ್ತು. ಈ ಕಡೆ ನಾನು ಹಲ್ಲು ಕಿರಿದು ಗುಡ್ ಆಫ್ಟರ್‌ನೂನ್ ಎನ್ನುವುದು, ಆ ಕಡೆ ಅವನು ಹಲ್ಲು ಕಿರಿಯಲು ಹೆಣಗುವುದು. ನಾಯಿಪಾಡು.

ಕಾಂಟ್ರಾಕ್ಟ್ ಮುಗಿಯುವ ಹೊತ್ತಿಗೆ ಮ್ಯಾನೇಜರ್ ಖಲಾಸ್ ಎಂದರು. ಅವರನ್ನು ಬೈದು ಪ್ರಯೋಜನವಿಲ್ಲ, ಅವರ ಮೇಲೂ ಯಾರೋ ಇದ್ದಾರೆ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂದು ನಮ್ಮವರು ಹೇಳುತ್ತಾರಲ್ಲ, ಅದನ್ನು ಇಂಗ್ಲಿಷಿಗೆ ತಿರುಗಿಸಿ ಅವನಿಗೆ ಹೇಳಿದೆ. ಯಾವ ಹಲ್ಲು, ಯಾವ ಕಡಲೆ ಎಂದು ಅವನಿಗೆ ಪೂರ್ತಿ ಅರ್ಥವಾಯಿತು. ಬೇಸರವಿದೆಯಾ ಎಂದು ಕೇಳಿದೆ.

“ಬೇಸರ ಮಾಡ್ಲಿಕ್ಕೂ ಸುಸ್ತು ಗ್ರೆಟ್ಟಾ. ಹಾಡು ಆಯಿತು. ಈಗ ಮನೆಗೆ ಹೋಗ್ತೇನೆ.”

ಹೊರಡುವ ಶುಕ್ರವಾರ ಮ್ಯಾಕ್ಸ್‌ವೆಲ್ ಅವನ ರೂಮಿಗೆ ಬಂದು ಸಾಮಾನಿನ ಬಾಕ್ಸು ಕಟ್ಟಿಕೊಟ್ಟರು. ಗಲ್ಫಿನ ಬಾಕ್ಸು ಕಟ್ಟುವುದರಲ್ಲಿ ಮಂಗಳೂರಿನವರನ್ನು ಮೀರಿಸಿದವರಿಲ್ಲ. ಟೇಪು ಸುತ್ತಿ, ಹಗ್ಗ ಬಿಗಿದು, ನಾಲ್ಕೂ ಬದಿಗೆ ಮಾರ್ಕರಿನಲ್ಲಿ ಹೆಸರು ಬರೆದು, ಕೊನೆಗೆ ಅಭ್ಯಾಸಬಲದಿಂದ ಕೆಳಗೆ ದೊಡ್ಡದಾಗಿ ‘ಮಂಗಳೂರು’ ಎಂದೂ ಬರೆದುಬಿಟ್ಟರು! ಡೆಸ್ಮಂಡ್ ಅದನ್ನು ನೋಡಿ ನೆಲದ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅಳಿಸಲು ಬಿಡಲಿಲ್ಲ. ಅವನು ನಿಜವಾಗಿ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಈಗ ಆ ಜಾಗದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಇಬ್ಬರು ಹಾಡುತ್ತಾರೆ. ಡೆಸ್ಮಂಡ್ ಊರಿನಲ್ಲಿ ಗ್ಯಾವಿನ್‌ಗೆ ಸ್ಟುಡಿಯೋದಲ್ಲಿ ಸಹಾಯ ಮಾಡುತ್ತಾನೆ, ಭಾನುವಾರ ಚರ್ಚಿನಲ್ಲಿ ಹಾಡುತ್ತಾನೆ. ಅವನ ಹಾಡುಗಳನ್ನು ಹೆಚ್ಚು ಜನ ಕೇಳಿಲ್ಲ. ಕೇಳಿದವರು ಮತ್ತೆ ಕೇಳುತ್ತಾರೆ ಎಂದು ಆಫಿಯಾ ಮೆಸೇಜು ಮಾಡಿದ್ದಳು.

ಮೊನ್ನೆ ಒಂದು ಫೋನ್ ಬಂತು. ಪ್ರತಿ ಚಳಿಗಾಲಕ್ಕೆ ಬರುವ ಹಳೆಯ ಗೆಸ್ಟ್ ಒಬ್ಬರು. ರೂಮು ಬುಕ್ ಮಾಡುವ ಮೊದಲು ಒಂದು ವಿಷಯ ತಿಳಿಯಬೇಕಿತ್ತಂತೆ: ಈಜುಕೊಳದ ಹತ್ತಿರ ಹಾಡುವ ಆ ಎತ್ತರದ ಮನುಷ್ಯ ಈಗಲೂ ಇದ್ದಾನಾ?

“ಇಲ್ಲ ಸರ್” ಎಂದೆ. “ಡೆಸ್ಮಂಡ್ ಕೆಲಸ ಬಿಟ್ಟು ಊರಿಗೆ ಹೋದರು. ಇನ್ನು ಬರುವುದಿಲ್ಲ.”

ಆ ಕಡೆಯವರು, “ತುಂಬ ಖುಷಿಯಿಂದ ಹೇಳುತ್ತಿದ್ದೀರಿ. ನಿಮಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲವೇ?” ಎಂದು ಕೇಳಿದರು.

ಕನ್ನಡಿ ನೋಡಿದೆ. ಇದ್ದಬದ್ದ ಹಲ್ಲೆಲ್ಲ ಕಾಣುತ್ತಿತ್ತು. ನನ್ನ ಮೇಲೆ ನನಗೇ ಅಸಹ್ಯವಾಯಿತು. ಹಾಗೇನಿಲ್ಲ ಸರ್ ಎಂದು ಹೇಳಿ ಕಾಲನ್ನು ರಿಸರ್ವೇಶನ್ನಿಗೆ ಕಳಿಸಿದೆ. ಆ ‘ಹಾಗೇನಿಲ್ಲ’ ಕೂಡ ನಗುತ್ತಲೇ ಹೋಯಿತು.

ಡ್ಯೂಟಿ ಮುಗಿದು ಬಸ್ಸು ಹತ್ತಿದ ಮೇಲೂ ಮನಸ್ಸು ತಡೆಯಲಿಲ್ಲ. ಜಮೈಕಾದಲ್ಲಿ ಬೆಳಗಾಗಿರುತ್ತದೆ ಎಂದು ಫೋನ್ ಹಚ್ಚಿದೆ. ಅವನು ಎತ್ತಿಕೊಂಡ. ಹಿಂದೆ ಎಲ್ಲೋ ಕೋಳಿ ಕೂಗುತ್ತಿತ್ತು.

“ಹಲೋ ಡೆಸ್ಮಂಡ್, ಹೇಗಿದ್ದಿ? ನಾವೆಲ್ಲ ಚೆನ್ನಾಗಿದ್ದೇವೆ.”

ಅವನು ಮೆಲ್ಲಗೆ ಕೇಳಿದ.

“ಗ್ರೆಟ್ಟಾ, ಯಾರನ್ನು ನೋಡಿ ನಗ್ತಿದ್ದಿ?”

ಬಸ್ಸಿನಲ್ಲಿ ನನ್ನ ಮುಂದಿದ್ದದ್ದು ಸೀಟಿನ ಬೆನ್ನು ಮಾತ್ರ. ಪಕ್ಕದಲ್ಲಿ ಶಬ್ನಂ ಬಾಯಿ ತೆರೆದು ನಿದ್ದೆ ಹೋಗಿದ್ದಳು.

“ಯಾರನ್ನೂ ಇಲ್ಲ. ಅಭ್ಯಾಸ ಮಾರಾಯ.”

“ಆ ನಗುವನ್ನು ಅಲ್ಲೇ ಇಳಿಸಿಡು. ಅವಸರ ಇಲ್ಲ, ನಾನು ಫೋನ್ ಇಡುವುದಿಲ್ಲ.”

ನಾನು ಫೋನ್ ಹಿಡಿದುಕೊಂಡೇ ಕುಳಿತೆ. ಬಸ್ಸು ಹೈವೇ ಬಿಟ್ಟು ಮಬೇಲಾದ ಕಡೆಗೆ ತಿರುಗಿತು. ಕೆನ್ನೆ ನೋಯುತ್ತಿತ್ತು. ಅದು ದಿನವೂ ನೋಯುತ್ತಿತ್ತು ಎಂದು ಆಗ ಗೊತ್ತಾಯಿತು. ಅವನು ಹೇಳಿದಂತೆ ಫೋನ್ ಇಡಲಿಲ್ಲ, ಕೋಳಿ ಮಾತ್ರ ಕೂಗುತ್ತಲೇ ಇತ್ತು. ನನ್ನ ಸ್ಟಾಪ್ ಹತ್ತಿರವಾಗುವಾಗ ಬಾಯಿ ಬಂತು.

“ನನಗೆ ಸಾಕಾಗಿದೆ ಡೆಸ್ಮಂಡ್. ತುಂಬ ಸಾಕಾಗಿದೆ.”

“ಹಾಂ, ಇದು ನೀನು” ಎಂದ ಅವನು. “ಹಲೋ, ಗ್ರೆಟ್ಟಾ.”